ಸಾವಿನ ಎಣಿಕೆ ಒಂದು ಕಡೆ, ಕಾರಣ ಇನ್ನೊಂದು ಕಡೆ: ಗಡಿ ಜಿಲ್ಲೆಗಳ ಶಿಶು ಮರಣದ ಲೆಕ್ಕ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೆಲವು ವರ್ಷಗಳಿಂದ ಎರಡು ಬಗೆಯ ಸುದ್ದಿಯನ್ನು ಒಂದೇ ಪತ್ರಿಕೆಯಲ್ಲಿ ಓದುತ್ತಿದ್ದಾರೆ. ರಾಜ್ಯದ ಪುಟದಲ್ಲಿ ಶಿಶು ಮರಣ ಪ್ರಮಾಣ ಇಳಿದಿದೆ ಎಂಬ ಆರೋಗ್ಯ ಇಲಾಖೆಯ ಹೇಳಿಕೆ ಇರುತ್ತದೆ. ಜಿಲ್ಲೆಯ ಪುಟದಲ್ಲಿ, ದೊಡ್ಡಾಸ್ಪತ್ರೆಯಲ್ಲಿ ಕೆಲವೇ ತಿಂಗಳಲ್ಲಿ ಇಷ್ಟು ಹಸುಗೂಸುಗಳು ತೀರಿಕೊಂಡವು ಎಂಬ ವರದಿ, ಪಾಲಕರ ಆಕ್ರೋಶ, ಸಂಘಟನೆಗಳ ಧರಣಿ, ತನಿಖೆಗೆ ಆದೇಶ. ಮರುದಿನ ವೈದ್ಯಾಧಿಕಾರಿಗಳ ಸ್ಪಷ್ಟನೆ ಬರುತ್ತದೆ: ಕೂಸುಗಳು ಬರುವಾಗಲೇ ಗಂಭೀರ ಇದ್ದವು, ತೂಕ ಕಡಿಮೆ ಇತ್ತು, ಹೊರಗಿನಿಂದ ಕಳಿಸಿದವು.

ಇಳಿದಿದ್ದರೆ ಇಷ್ಟು ಸಾವು ಯಾಕೆ? ಇಷ್ಟು ಸತ್ತಿದ್ದರೆ ಇಳಿದದ್ದು ಎಲ್ಲಿ? ಎರಡೂ ಒಟ್ಟಿಗೆ ನಿಜ ಇರಲು ಸಾಧ್ಯ. ಕೂಸಿನ ಸಾವನ್ನು ನಾವು ಎಣಿಸುವುದು ಅದು ಕೊನೆಯುಸಿರೆಳೆದ ಹಾಸಿಗೆಯಲ್ಲಿ. ಆ ಸಾವಿಗೆ ದಾರಿ ಮಾಡಿದ್ದು ಬಹಳ ಸಲ ಬೇರೆ ಊರಿನಲ್ಲಿ, ಕೆಲವು ಗಂಟೆಗಳಷ್ಟೋ ಕೆಲವು ವರ್ಷಗಳಷ್ಟೋ ಹಿಂದೆ ನಡೆದಿರುತ್ತದೆ. ಈ ಅಂತರವನ್ನು ಹಿಡಿಯದೆ ಮಾಡುವ ವಾದವೆಲ್ಲ ಅರ್ಧ ಸರಿ, ಅರ್ಧ ತಪ್ಪು.

ಅಂಕಿಗಳು ಯಾಕೆ ಹೊಂದುವುದಿಲ್ಲ

ಶಿಶು ಮರಣ ಪ್ರಮಾಣ ಎಂದರೆ ಜೀವಂತ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುವವರ ಸಂಖ್ಯೆ. ಎಸ್‌ಆರ್‌ಎಸ್ ಎಂದು ಕರೆಯುವ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2020ರಲ್ಲಿ ಇದು ಕರ್ನಾಟಕದಲ್ಲಿ 19, ದೇಶದಲ್ಲಿ 28, ಕೇರಳದಲ್ಲಿ 6 ಇತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕಕ್ಕೆ ಕೊಟ್ಟ ಅಂಕಿ ಸುಮಾರು 25. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಎಸ್‌ಆರ್‌ಎಸ್ ಆಯ್ದ ಹಳ್ಳಿ ಮತ್ತು ವಾರ್ಡುಗಳಲ್ಲಿ ವರ್ಷವಿಡೀ ಹುಟ್ಟು ಸಾವು ಬರೆದುಕೊಳ್ಳುತ್ತದೆ. ಕುಟುಂಬ ಸಮೀಕ್ಷೆಯವರು 2019ರಲ್ಲಿ ಮನೆಮನೆಗೆ ಹೋಗಿ, ಹಿಂದಿನ ಐದು ವರ್ಷಗಳಲ್ಲಿ ಹಡೆದ ಮಕ್ಕಳ ಬಗ್ಗೆ ತಾಯಂದಿರನ್ನೇ ಕೇಳಿದರು. ಹಾಗಾಗಿ ಅವರ ಅಂಕಿಯಲ್ಲಿ ಹಳೆಯ ವರ್ಷಗಳ ನೆರಳು ಇದೆ.

ಇವೆರಡರ ಜೊತೆ ಜನನ-ಮರಣ ನೋಂದಣಿ ಕಚೇರಿಯ ಲೆಕ್ಕ ಬೇರೆ, ಆಸ್ಪತ್ರೆಗಳು ತಿಂಗಳಿಗೊಮ್ಮೆ ಇಲಾಖೆಗೆ ಕಳಿಸುವ ವರದಿ ಬೇರೆ. ನೋಂದಣಿ ಆಗುವುದು ಸಾವು ನಡೆದ ಊರಿನಲ್ಲಿ. ಅಥಣಿಯ ಕೂಸು ಮೀರಜದಲ್ಲಿ ತೀರಿಕೊಂಡರೆ ಅದರ ಮರಣ ಪತ್ರ ಮಹಾರಾಷ್ಟ್ರದ್ದು. ಇಂಡಿಯ ಕೂಸು ಸೊಲ್ಲಾಪುರದಲ್ಲಿ ತೀರಿಕೊಂಡರೂ ಅಷ್ಟೇ. ಅದೇ ರೀತಿ ರಾಮದುರ್ಗದ ಕೂಸು ಬೆಳಗಾವಿಯಲ್ಲಿ ಸತ್ತರೆ ಬೆಳಗಾವಿ ನಗರದ ಪಟ್ಟಿ ಬೆಳೆಯುತ್ತದೆ, ರಾಮದುರ್ಗದ ಪಟ್ಟಿ ಸ್ವಚ್ಛವಾಗಿ ಕಾಣುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಎಸ್‌ಆರ್‌ಎಸ್ ಜಿಲ್ಲಾವಾರು ಶಿಶು ಮರಣ ಪ್ರಮಾಣ ಕೊಡುವುದಿಲ್ಲ. ಕುಟುಂಬ ಸಮೀಕ್ಷೆಯ ಜಿಲ್ಲಾ ಪಟ್ಟಿಗಳಲ್ಲೂ ಅದು ಇಲ್ಲ. ಸುದ್ದಿಯಲ್ಲಿ ಜಿಲ್ಲೆಯ ಹೆಸರಿನೊಂದಿಗೆ ಬರುವ ಅಂಕಿ ಸಾಮಾನ್ಯವಾಗಿ ಆಸ್ಪತ್ರೆಗಳ ವರದಿಯಿಂದ ಕೂಡಿಸಿದ್ದು. ಅದರಲ್ಲಿ ಮನೆಯಲ್ಲಿ ತೀರಿಕೊಂಡ ಕೂಸು ಬಿಟ್ಟುಹೋಗಬಹುದು. ಒಂದೆರಡು ಸಲ ಉಸಿರೆಳೆದು ನಿಂತ ಕೂಸನ್ನು ‘ಹುಟ್ಟುವಾಗಲೇ ಸತ್ತಿತ್ತು’ ಎಂದು ಬರೆದರೆ ಅದು ಶಿಶು ಮರಣದ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ‘ನಮ್ಮ ಜಿಲ್ಲೆಯಲ್ಲಿ ಶಿಶು ಮರಣ ಪಕ್ಕದ ಜಿಲ್ಲೆಗಿಂತ ಎರಡು ಅಂಕ ಕಡಿಮೆ’ ಎಂಬ ಸಂಭ್ರಮವನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ.

ಸಾವು ಮೊದಲ ತಿಂಗಳಿಗೆ ಸರಿದಿದೆ

ಕುಟುಂಬ ಸಮೀಕ್ಷೆಯಲ್ಲಿ ಕರ್ನಾಟಕದ ಶಿಶು ಮರಣ ಸುಮಾರು 25 ಇದ್ದರೆ, ಅದರಲ್ಲಿ ಸುಮಾರು 16 ಮೊದಲ 28 ದಿನಗಳೊಳಗಿನ ಸಾವು. ಅಂದರೆ ಐದರಲ್ಲಿ ಮೂರು. ಅದರಲ್ಲೂ ಹೆಚ್ಚಿನವು ಮೊದಲ ವಾರದಲ್ಲಿ, ಮೊದಲ ದಿನದಲ್ಲಿ.

ಒಂದು ಪೀಳಿಗೆಯ ಹಿಂದೆ ಚಿತ್ರ ಬೇರೆ ಇತ್ತು. ದಡಾರ, ವಾಂತಿಭೇದಿ, ನ್ಯುಮೋನಿಯಾ ತಿಂಗಳು ದಾಟಿದ ಮಕ್ಕಳನ್ನು ಒಯ್ಯುತ್ತಿದ್ದವು. ಲಸಿಕೆ, ಓಆರ್‌ಎಸ್, ಕುಡಿಯುವ ನೀರು, ರಸ್ತೆ ಬಂದಂತೆ ಆ ಸಾವುಗಳು ಇಳಿದವು. ಉಳಿದವು ತಡೆಯಲು ಕಷ್ಟವಾದವು: ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಹುಟ್ಟುವಾಗ ಉಸಿರುಕಟ್ಟಿದ ಕೂಸು, ನಂಜು ಏರಿದ ಕೂಸು, ಹುಟ್ಟಿನಿಂದಲೇ ಹೃದಯ ಅಥವಾ ಮೆದುಳಿನ ದೋಷ ಇರುವ ಕೂಸು. ಒಟ್ಟು ಸಾವು ಇಳಿದಷ್ಟೂ ಉಳಿದ ಸಾವುಗಳು ಆಸ್ಪತ್ರೆಯ ಗೋಡೆಯೊಳಗೆ ಬಂದು ಸೇರುತ್ತವೆ. ಮೊದಲು ಹಳ್ಳಿಯ ಮನೆಯಲ್ಲಿ ಹುಟ್ಟಿ, ಅಲ್ಲೇ ತೀರಿಕೊಂಡು, ಯಾವ ಪುಸ್ತಕದಲ್ಲೂ ದಾಖಲಾಗದೆ ಹೋಗುತ್ತಿದ್ದ ಒಂದು ಕಿಲೋ ತೂಕದ ಕೂಸು ಈಗ 108ರಲ್ಲಿ ಜಿಲ್ಲಾಸ್ಪತ್ರೆ ತಲುಪುತ್ತದೆ. ಬದುಕಿದರೆ ಸುದ್ದಿಯಾಗುವುದಿಲ್ಲ. ಸತ್ತರೆ ಅಂಕಿಯಾಗುತ್ತದೆ.

ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿವೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. 2005ರ ಜನನಿ ಸುರಕ್ಷಾ ಯೋಜನೆಯಿಂದ ಹಿಡಿದು ಎರಡು ದಶಕ ಇಲಾಖೆ ಬೆನ್ನು ಹತ್ತಿದ್ದು ಈ ಅಂಕಿಯನ್ನೇ. ಅದು ಈಗ ಹೆಚ್ಚುಕಡಿಮೆ ತುದಿ ಮುಟ್ಟಿದೆ. ಹೆರಿಗೆ ಎಲ್ಲಿ ಆಯಿತು ಎಂಬ ಪ್ರಶ್ನೆಯಿಂದ ಇನ್ನು ಹೆಚ್ಚು ಜೀವ ಉಳಿಯುವುದಿಲ್ಲ. ಹುಟ್ಟಿ ಅಳದ ಕೂಸಿಗೆ ಒಂದು ನಿಮಿಷದೊಳಗೆ ಮುಖಕ್ಕೆ ಮಾಸ್ಕ್ ಹಿಡಿದು, ಚೀಲ ಒತ್ತಿ ಉಸಿರು ಕೊಡಬಲ್ಲ ನರ್ಸ್ ರಾತ್ರಿ ಎರಡು ಗಂಟೆಗೆ ಆ ಹೆರಿಗೆ ಕೋಣೆಯಲ್ಲಿ ಇದ್ದಳೇ? ಮುಂದಿನ ಇಳಿಕೆ ಇಂಥ ಪ್ರಶ್ನೆಗಳ ಮೇಲೆ ನಿಂತಿದೆ.

‘ಬಂದಾಗಲೇ ಗಂಭೀರ ಇತ್ತು’ ಎಂಬ ಮಾತು ಎಷ್ಟು ನಿಜ

ಸರ್ಕಾರಿ ವ್ಯವಸ್ಥೆಯಲ್ಲಿ ನವಜಾತ ಶಿಶುವಿನ ಆರೈಕೆ ಮೂರು ಮೆಟ್ಟಿಲಲ್ಲಿದೆ. ಹೆರಿಗೆ ಆಗುವ ಪ್ರತಿ ಆಸ್ಪತ್ರೆಯಲ್ಲಿ ಕೂಸನ್ನು ಬೆಚ್ಚಗಿಡುವ, ಉಸಿರು ಕೊಡುವ ಒಂದು ಮೂಲೆ. ತಾಲೂಕು ಆಸ್ಪತ್ರೆಗಳಲ್ಲಿ ಕೂಸಿನ ಸ್ಥಿತಿ ಹದಕ್ಕೆ ತರುವ ಸ್ಥಿರೀಕರಣ ಘಟಕ. ಜಿಲ್ಲಾ ಮಟ್ಟದಲ್ಲಿ ಎಸ್‌ಎನ್‌ಸಿಯು ಎಂದೇ ಎಲ್ಲರೂ ಕರೆಯುವ ವಿಶೇಷ ಆರೈಕೆ ಘಟಕ. ವರ್ಷಕ್ಕೆ 3000 ಹೆರಿಗೆ ಆಗುವಲ್ಲಿ 12 ಹಾಸಿಗೆ ಎಂಬುದು ಇದಕ್ಕೆ ಕೇಂದ್ರದ ಮಾನದಂಡ. ಆದರೆ ಆ ಹಾಸಿಗೆಗಳಿಗೆ ಬರುವುದು ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳು ಮಾತ್ರವಲ್ಲ. ಸುತ್ತಲಿನ ತಾಲೂಕುಗಳಿಂದ, ಖಾಸಗಿ ನರ್ಸಿಂಗ್ ಹೋಮುಗಳಿಂದ ದುಡ್ಡು ಮುಗಿದ ಮೇಲೆ ಬರುವ ಕೂಸುಗಳೂ ಅಲ್ಲಿಗೇ.

ಇಂಥ ಕಡೆ ಒಟ್ಟು ಸಾವನ್ನು ಮಾತ್ರ ನೋಡಿದರೆ ಹೇಗೆ ಮೋಸ ಹೋಗುತ್ತೇವೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. ಒಂದು ತಾಲೂಕು ಆಸ್ಪತ್ರೆಯಲ್ಲಿ 1000 ಕೂಸುಗಳಿವೆ ಎಂದುಕೊಳ್ಳಿ. 900 ಸರಿಯಾದ ತೂಕದವು, ಅವುಗಳಲ್ಲಿ 9 ಸಾಯುತ್ತವೆ. 100 ಕಡಿಮೆ ತೂಕದವು, ಅವುಗಳಲ್ಲಿ 10 ಸಾಯುತ್ತವೆ. ಒಟ್ಟು 19. ಜಿಲ್ಲಾಸ್ಪತ್ರೆಯಲ್ಲೂ 1000 ಕೂಸುಗಳು, ಆದರೆ ಸರಿಯಾದ ತೂಕದವು 400 ಮಾತ್ರ, ಅವುಗಳಲ್ಲಿ 2 ಸಾವು. ಕಡಿಮೆ ತೂಕದವು 600, ಅವುಗಳಲ್ಲಿ 48 ಸಾವು. ಒಟ್ಟು 50. ಪತ್ರಿಕೆಯ ತಲೆಬರಹದಲ್ಲಿ ಜಿಲ್ಲಾಸ್ಪತ್ರೆ ಎರಡೂವರೆ ಪಟ್ಟು ಕೆಟ್ಟದ್ದಾಗಿ ಕಾಣುತ್ತದೆ. ಬಿಡಿಸಿ ನೋಡಿದರೆ ಎರಡೂ ಗುಂಪಿನಲ್ಲಿ ಅದೇ ಮೇಲು: ಸರಿಯಾದ ತೂಕದ ಕೂಸುಗಳಲ್ಲಿ ಶೇ 1ರ ಬದಲು ಶೇ 0.5, ಕಡಿಮೆ ತೂಕದವುಗಳಲ್ಲಿ ಶೇ 10ರ ಬದಲು ಶೇ 8.

ಹಾಗೆಂದು ಅಧಿಕಾರಿಗಳ ಸ್ಪಷ್ಟನೆಯನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಅದೇ 600 ಕೂಸುಗಳಲ್ಲಿ 48ರ ಬದಲು 90 ಸತ್ತಿದ್ದರೂ ಬರುವ ಹೇಳಿಕೆ ಇದೇ: ತೂಕ ಕಡಿಮೆ ಇತ್ತು. ತೂಕ ಕಡಿಮೆ ಇರುವುದು ಅಪಾಯದ ಅಂಶ ಹೌದು, ಮರಣದ ಸಮರ್ಥನೆ ಅಲ್ಲ. 1800 ಗ್ರಾಮಿನ ಕೂಸು ಸರಿಯಾದ ಆರೈಕೆಯಲ್ಲಿ ಸಾಮಾನ್ಯವಾಗಿ ಬದುಕುತ್ತದೆ, 800 ಗ್ರಾಮಿನ ಕೂಸಿನ ಹೋರಾಟ ಬೇರೆಯದೇ. ಇವೆರಡನ್ನೂ ‘ಕಡಿಮೆ ತೂಕ’ ಎಂಬ ಒಂದೇ ಡಬ್ಬಿಯಲ್ಲಿ ಹಾಕುವ ಹೇಳಿಕೆಯಿಂದ ಏನೂ ತಿಳಿಯುವುದಿಲ್ಲ. ಒಂದು ಹಾಸಿಗೆಯಲ್ಲಿ ಎರಡು ಕೂಸು ಮಲಗಿಸಿದರೆ ಒಂದರ ನಂಜು ಇನ್ನೊಂದಕ್ಕೆ ದಾಟುತ್ತದೆ. ಒಬ್ಬ ನರ್ಸ್ ಹತ್ತು ಕೂಸು ನೋಡುವಾಗ ಕೈ ತೊಳೆಯುವುದೇ ಮೊದಲು ತಪ್ಪುವುದು. ಬರುವಾಗ ಇಲ್ಲದ ನಂಜು ಮೂರನೇ ದಿನ ಕಾಣಿಸಿಕೊಂಡರೆ ಅದರ ಹೊಣೆ ಹೊರಗಿನವರ ಮೇಲೆ ಹಾಕಲು ಬರುವುದಿಲ್ಲ.

ದಾರಿಯ ಹೊಣೆಯೂ ಇದೆ. ‘ದೊಡ್ಡ ದವಾಖಾನಿಗೆ ಒಯ್ರಿ’ ಎಂದು ಚೀಟಿ ಬರೆದುಕೊಟ್ಟಲ್ಲಿಂದ ಎಸ್‌ಎನ್‌ಸಿಯು ಬಾಗಿಲಿನ ತನಕ ಕೂಸಿಗೆ ಏನಾಯಿತು ಎಂಬುದನ್ನು ಯಾರೂ ಬರೆಯುವುದಿಲ್ಲ. ನವಜಾತ ಶಿಶುವಿನ ಮೈ ಬಿಸಿ 36.5 ಡಿಗ್ರಿಗಿಂತ ಕೆಳಗಿಳಿಯಬಾರದು. ಅಜ್ಜಿಯ ಸೆರಗಿನಲ್ಲಿ ಸುತ್ತಿದ ಕೂಸು, ಕಿಟಕಿ ಸರಿಯಾಗಿ ಮುಚ್ಚದ ಬಾಡಿಗೆ ಗಾಡಿ, ಡಿಸೆಂಬರಿನ ರಾತ್ರಿ, ಮುದ್ದೇಬಿಹಾಳದಿಂದ ವಿಜಯಪುರದ ದಾರಿ: ಇಷ್ಟು ಸಾಕು. ಮೈ ತಣ್ಣಗಾದ ಸಣ್ಣ ಕೂಸಿನ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಉಸಿರು ನಿಧಾನವಾಗುತ್ತದೆ. ಬಂದಾಗ ಗಂಭೀರ ಇತ್ತು ಎಂಬುದು ಆಗ ನಿಜವೇ. ಹೊರಡುವಾಗ ಅಷ್ಟು ಗಂಭೀರ ಇರಲಿಲ್ಲ ಎಂಬುದೂ ನಿಜ. ತಾಯಿಯ ಎದೆಗೆ ನೇರವಾಗಿ ಕೂಸಿನ ಮೈ ತಾಗಿಸಿ, ಮೇಲೆ ಬಟ್ಟೆ ಕಟ್ಟಿ ಒಯ್ದರೆ ಈ ಅಪಾಯ ಬಹಳಷ್ಟು ತಪ್ಪುತ್ತದೆ, ಖರ್ಚೂ ಇಲ್ಲ. ಇದನ್ನೇ ಕಾಂಗರೂ ಆರೈಕೆ ಎನ್ನುತ್ತಾರೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1 ಕಿಲೋದಿಂದ 1.8 ಕಿಲೋ ಒಳಗಿನ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದಾಗ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿಯಿತು. ಆದರೆ ಅದಕ್ಕೆ ತಾಯಿಯೂ ಕೂಸಿನ ಜೊತೆಯಲ್ಲೇ ಇರಬೇಕು. ನಮ್ಮಲ್ಲಿ ಸಿಸೇರಿಯನ್ ಆದ ತಾಯಿ ತಾಲೂಕು ಆಸ್ಪತ್ರೆಯಲ್ಲಿ, ಕೂಸು ಅಪ್ಪನ ಜೊತೆ ಜಿಲ್ಲಾಸ್ಪತ್ರೆಯಲ್ಲಿ ಇರುವುದು ಮಾಮೂಲು.

ಹಡೆಯುವ ಮೊದಲೇ ಶುರುವಾಗುವ ಅಪಾಯ

ಈ ಚರ್ಚೆಯಲ್ಲಿ ಮೂರನೆಯ ಪಕ್ಷವೊಂದಿದೆ. ಆಸ್ಪತ್ರೆಯನ್ನು ಬೈದು ಏನು ಫಲ, ಬಾಲ್ಯವಿವಾಹ ನಿಲ್ಲದೆ, ರಕ್ತಹೀನತೆ ಹೋಗದೆ ಕೂಸು ಉಳಿಯುವುದಿಲ್ಲ ಎನ್ನುವವರು. ಇವರ ಮಾತಿಗೆ ಬಲವಾದ ಆಧಾರಗಳಿವೆ.

ಐದನೇ ಕುಟುಂಬ ಸಮೀಕ್ಷೆಯ ಪ್ರಕಾರ ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಉತ್ತರದ ಜಿಲ್ಲೆಗಳಲ್ಲಿ ಇದು ರಾಜ್ಯದ ಸರಾಸರಿಗಿಂತ ಹೆಚ್ಚು. ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹದಿನಾರು ಹದಿನೇಳರ ಹುಡುಗಿಯ ಮೈ ತಾನೇ ಇನ್ನೂ ಬೆಳೆಯುತ್ತಿರುತ್ತದೆ. ಅದರೊಳಗೆ ಬೆಳೆಯುವ ಕೂಸಿಗೆ ಸಿಗುವ ಪಾಲು ಕಡಿಮೆ. ತೂಕ ಕಡಿಮೆಯಾಗುತ್ತದೆ, ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚುತ್ತದೆ. ಮೊದಲ ಕೂಸಿಗೆ ವರ್ಷ ತುಂಬುವುದರೊಳಗೆ ಮತ್ತೆ ಬಸುರಿಯಾದರೆ ಎರಡಕ್ಕೂ ಪೆಟ್ಟು: ಹಿರಿಯದಕ್ಕೆ ಹಾಲು ತಪ್ಪುತ್ತದೆ, ಹೊಟ್ಟೆಯೊಳಗಿನದಕ್ಕೆ ತಾಯಿಯ ಮೈಯಲ್ಲಿ ಉಳಿಕೆ ಇರುವುದಿಲ್ಲ. ಎರಡು ಹೆರಿಗೆಗಳ ನಡುವೆ ಎರಡು ವರ್ಷವೂ ಇಲ್ಲದಿದ್ದಾಗ ಶಿಶು ಮರಣ ಹೆಚ್ಚು ಎಂಬುದು ಕುಟುಂಬ ಸಮೀಕ್ಷೆಯ ಪ್ರತಿ ಸುತ್ತಿನಲ್ಲೂ ಕಾಣುವ ಸಂಗತಿ.

ಒಳಸಂಬಂಧದ ಮದುವೆ ಇನ್ನೊಂದು. ರಾಜ್ಯದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದೊಳಗೇ ಆಗಿರುವುದು. ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಹುಟ್ಟುವ ಕೂಸುಗಳಿಗೆ ಜನ್ಮದೋಷದ ಸಂಭವ ಸಾಮಾನ್ಯಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ, ಅಂದರೆ ನೂರಕ್ಕೆ ಎರಡು-ಮೂರರ ಬದಲು ನಾಲ್ಕರಿಂದ ಆರು. ಸೋದರಮಾವನಿಗೇ ಕೊಟ್ಟಲ್ಲಿ ಅಪಾಯ ಇನ್ನೂ ಹೆಚ್ಚು. ನೂರಕ್ಕೆ 94 ಕೂಸುಗಳಿಗೆ ಏನೂ ಆಗುವುದಿಲ್ಲ ಎಂಬುದೇ ಈ ರೂಢಿ ಗಟ್ಟಿಯಾಗಿ ನಿಂತಿರಲು ಕಾರಣ. ‘ನಮ್ಮ ಮನಿಯಾಗ ಮೂರು ತಲೆಮಾರು ಹಿಂಗ ಆಗೇತಿ, ಏನಾಗೇತಿ?’ ಎನ್ನುವವರ ಅನುಭವ ಸುಳ್ಳಲ್ಲ. ಒಂದು ಮನೆಯಲ್ಲಿ ಕಾಣದ ವ್ಯತ್ಯಾಸ ಸಾವಿರ ಮನೆ ಎಣಿಸಿದಾಗ ಮಾತ್ರ ಕಾಣುತ್ತದೆ.

ಆದರೆ ಈ ವಾದವನ್ನು ಕಾನೂನಿನ ಲಾಠಿಯಿಂದ ಜಾರಿ ಮಾಡಹೊರಟಾಗ ಬೇರೆಯೇ ಪರಿಣಾಮ ಆಗುತ್ತಿದೆ. 18 ತುಂಬದ ಬಸುರಿ ಆಸ್ಪತ್ರೆಗೆ ಬಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಗಂಡ ಜೈಲಿಗೆ ಹೋಗುತ್ತಾನೆ ಎಂಬ ಭಯಕ್ಕೆ ಮನೆಯವರು ಆಕೆಯನ್ನು ಐದಾರು ತಿಂಗಳು ದವಾಖಾನೆಗೇ ತೋರಿಸುವುದಿಲ್ಲ, ತೋರಿಸಿದರೆ ವಯಸ್ಸು ಹತ್ತೊಂಬತ್ತು ಎನ್ನುತ್ತಾರೆ. ತಾಯಿ ಕಾರ್ಡಿನಲ್ಲಿ ಹತ್ತೊಂಬತ್ತು ಎಂದು ಬಿದ್ದ ಕೂಡಲೇ ಆಕೆ ‘ಹೆಚ್ಚು ಅಪಾಯದ ಗರ್ಭಿಣಿ’ ಪಟ್ಟಿಯಿಂದ ಹೊರಗೆ. ಯಾರಿಗೆ ಹೆಚ್ಚು ನಿಗಾ ಬೇಕೋ ಅವಳೇ ಕಾಣೆಯಾಗುತ್ತಾಳೆ. ಕಾಯ್ದೆ ಬೇಡ ಎಂದಲ್ಲ. ದೂರು ದಾಖಲಾಗುವುದಕ್ಕೂ ಆರೈಕೆ ಸಿಗುವುದಕ್ಕೂ ನಡುವೆ ಒಂದು ಗೋಡೆ ಎದ್ದಿದೆ, ಅದನ್ನು ಇಲಾಖೆಗಳು ಇನ್ನೂ ಬಿಡಿಸಿಕೊಂಡಿಲ್ಲ.

ಒಂದೇ ಇಂಜೆಕ್ಷನ್, ಎರಡು ಫಲ

ಅಪಾಯದ ಅಂಶ ಗೊತ್ತಾದರೆ ಪರಿಹಾರ ಸುಲಭ ಎನ್ನುವವರಿಗೆ ಬೆಳಗಾವಿಯಲ್ಲೇ ಒಂದು ಪಾಠ ಇದೆ. ಇಲ್ಲಿನ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ವರ್ಷಗಳಿಂದ ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ಭಾಗಿಗಳು. ಜಿಲ್ಲೆಯ ಹಳ್ಳಿಗಳ ತಾಯಂದಿರು ಹೀಗೆ ಜಗತ್ತಿನ ವೈದ್ಯಶಾಸ್ತ್ರಕ್ಕೆ ಕೊಟ್ಟ ಕೊಡುಗೆ ಜಿಲ್ಲೆಯವರಿಗೇ ಅಷ್ಟಾಗಿ ಗೊತ್ತಿಲ್ಲ.

ಅವಧಿಗೆ ಮುನ್ನ ಹೆರಿಗೆ ನೋವು ಬಂದ ತಾಯಿಗೆ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಹೊಟ್ಟೆಯೊಳಗಿನ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಶ್ರೀಮಂತ ದೇಶಗಳಲ್ಲಿ ಇದು ದಶಕಗಳಿಂದ ಗೊತ್ತಿದ್ದ ವಿಷಯ. ಹಾಗಾದರೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಕೊಡಬಾರದೇಕೆ? ಇದನ್ನು ಪರೀಕ್ಷಿಸಲು ಬೆಳಗಾವಿ, ನಾಗಪುರ ಮತ್ತು ಇತರ ಐದು ದೇಶಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳ ಅಧ್ಯಯನ ನಡೆಯಿತು. ಫಲಿತಾಂಶ ಎಲ್ಲರನ್ನೂ ದಂಗುಬಡಿಸಿತು. ಇಂಜೆಕ್ಷನ್ ಬಳಕೆ ಹೆಚ್ಚಿಸಿದ ಪ್ರದೇಶಗಳಲ್ಲಿ ಮೊದಲ ತಿಂಗಳ ಸಾವು ಸಾವಿರಕ್ಕೆ 27.4, ಮಾಮೂಲು ಆರೈಕೆ ಇದ್ದಲ್ಲಿ 23.9. ತೀರಾ ಸಣ್ಣ ಕೂಸುಗಳಿಗೆ ಹೇಳಿಕೊಳ್ಳುವಷ್ಟು ಲಾಭ ಆಗಲಿಲ್ಲ, ಒಟ್ಟು ಸಾವು ಹೆಚ್ಚಾಯಿತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಾಯಿತು.

ಐದಾರು ವರ್ಷ ಕಳೆದು, 2020ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಬೆಳಗಾವಿ ಅದರಲ್ಲೂ ಇತ್ತು. ಈ ಸಲ ಹಳ್ಳಿಯಲ್ಲಿ ಅಲ್ಲ, ಆಸ್ಪತ್ರೆಗಳಲ್ಲಿ. ಸ್ಕ್ಯಾನಿಂಗ್‌ನಿಂದ ಬಸಿರಿನ ವಾರ ಖಚಿತಪಡಿಸಿಕೊಂಡು, 26ರಿಂದ 33 ವಾರಗಳ ನಡುವಿನ ತಾಯಂದಿರಿಗೆ ಮಾತ್ರ, ಹುಟ್ಟಿದ ಸಣ್ಣ ಕೂಸನ್ನು ನೋಡಿಕೊಳ್ಳಬಲ್ಲ ಕಡೆ ಮಾತ್ರ. ಆಗ ಕೂಸುಗಳ ಸಾವು ಶೇ 23.5ರಿಂದ ಶೇ 19.6ಕ್ಕೆ ಇಳಿಯಿತು. ಇಪ್ಪತ್ತೈದು ತಾಯಂದಿರಿಗೆ ಕೊಟ್ಟರೆ ಒಂದು ಕೂಸು ಹೆಚ್ಚು ಬದುಕುತ್ತದೆ ಎಂಬುದು ಅದರ ಸಾರ. ಲಾಭ ಅಷ್ಟು ಸ್ಪಷ್ಟವಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಮದ್ದು ಅದೇ ಬಗೆಯದು, ಜಿಲ್ಲೆಯೂ ಅದೇ. ವ್ಯತ್ಯಾಸ ಇದ್ದದ್ದು ಮದ್ದಿನ ಹಿಂದೆ ಮುಂದೆ. ಹಳ್ಳಿಯಲ್ಲಿ ಬಸಿರಿನ ತಿಂಗಳನ್ನು ಮುಟ್ಟಿನ ಅಂದಾಜಿನ ಮೇಲೆ ಎಣಿಸುವಾಗ, ದಿನ ತುಂಬಿದ ಕೂಸಿನ ತಾಯಿಗೂ ಇಂಜೆಕ್ಷನ್ ಬೀಳುತ್ತದೆ. ಬೇಕಿದ್ದ ಕೂಸಿಗೆ ಬಿದ್ದರೂ, ಹುಟ್ಟಿದ ಮೇಲೆ ಅದನ್ನು ಬೆಚ್ಚಗಿಟ್ಟು ಆಮ್ಲಜನಕ ಕೊಡುವವರು ಇರುವುದಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳೂ ತಾಯಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಒಂದು ಡೋಸ್ ಕೊಡಬಹುದು ಎಂದಿತ್ತು. ಈ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಆ ಒಂದು ಡೋಸಿಗಿಂತ, ಮೂರನೇ ತಿಂಗಳಲ್ಲೇ ಒಂದು ಸ್ಕ್ಯಾನಿಂಗ್ ಆಗಿ ಸರಿಯಾದ ದಿನಾಂಕ ತಾಯಿ ಕಾರ್ಡಿನಲ್ಲಿ ಬೀಳುವುದು ದೊಡ್ಡ ಕೆಲಸ ಅನ್ನಿಸುತ್ತದೆ.

ತಿಂಗಳು ದಾಟಿದ ಮೇಲೆ

ಮೊದಲ ತಿಂಗಳ ಆಚೆ ಕಾರಣಗಳು ಹಳೆಯವೇ, ಪ್ರಮಾಣ ಕಡಿಮೆ. ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದ ಹಿಂದೆ ಅಪೌಷ್ಟಿಕತೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮರಣ ಪತ್ರದಲ್ಲಿ ಬರೆಯುವುದು ನ್ಯುಮೋನಿಯಾ ಎಂದು. ಗಟ್ಟಿಮುಟ್ಟಾದ ಕೂಸು ತಾಳಿಕೊಳ್ಳುವ ಕೆಮ್ಮು-ಕಫವನ್ನು ಬಡಕಲು ಕೂಸು ತಾಳಲಿಲ್ಲ ಎಂಬುದು ಪತ್ರದಲ್ಲಿ ಬರುವುದಿಲ್ಲ. ರಾಜ್ಯದಲ್ಲಿ ಮೂರರಲ್ಲಿ ಒಂದು ಮಗು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಸಿಗುವುದು ಅರ್ಧದಷ್ಟು ಕೂಸುಗಳಿಗೆ ಮಾತ್ರ. ಉಳಿದವುಗಳಿಗೆ ಮೊದಲು ತಗಲುವುದು ಜೇನುತುಪ್ಪವೋ, ಬೆಲ್ಲದ ನೀರೋ, ತೇಯ್ದ ಬಜೆಯೋ.

ವಾಂತಿಭೇದಿಗೆ ಓಆರ್‌ಎಸ್ ಜೊತೆ 14 ದಿನ ಝಿಂಕ್ ಗುಳಿಗೆ ಕೊಡಬೇಕು. ಭೇದಿ ಮೂರನೇ ದಿನಕ್ಕೆ ನಿಂತರೆ ಮನೆಯಲ್ಲಿ ಗುಳಿಗೆಯೂ ನಿಲ್ಲುತ್ತದೆ, ಮುಂದಿನ ತಿಂಗಳು ಭೇದಿ ಮತ್ತೆ ಬರುತ್ತದೆ. ನಡೆಯಲು ಕಲಿತ ಮಕ್ಕಳಿಗೆ ನೀರೇ ಅಪಾಯ. 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಎಳೆಯ ಬಾಲಕ ಬದುಕಿ ಬಂದದ್ದನ್ನು ದೇಶವೇ ನೋಡಿತು. ಕೃಷಿ ಹೊಂಡ, ಕಾಲುವೆ, ಮನೆಯ ಮುಂದಿನ ತೆರೆದ ಹೌದಿಗೆ ಬೀಳುವ ಮಕ್ಕಳ ಸುದ್ದಿ ಒಳಪುಟದ ಎರಡು ಸಾಲು.

ಲಸಿಕೆಯ ಮಾತು ಬಂದಾಗ ಈ ಭಾಗದಲ್ಲಿ 2022ರ ಜನವರಿ ನೆನಪಾಗದೆ ಇರುವುದಿಲ್ಲ. ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕಂದಮ್ಮಗಳು ತೀರಿಕೊಂಡವು. ಆಗ ಬೆರಳು ತೋರಿದ್ದು ಲಸಿಕೆಯ ಗುಣಮಟ್ಟದ ಕಡೆಗಲ್ಲ, ಸೀಸೆಗಳನ್ನು ಇಟ್ಟ ರೀತಿಯ ಕಡೆಗೆ. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣ ಬೆರೆಸಿದ ಮೇಲೆ ಅದರಲ್ಲಿ ಸೂಕ್ಷ್ಮಾಣು ತಡೆಯುವ ರಾಸಾಯನಿಕ ಇರುವುದಿಲ್ಲ, ಆದ್ದರಿಂದ ನಾಲ್ಕು ಗಂಟೆಯೊಳಗೆ ಬಳಸಿ ಉಳಿದದ್ದನ್ನು ಚೆಲ್ಲಲೇಬೇಕು. ಇಟ್ಟು ಮರುದಿನ ಹಾಕಿದರೆ ಅದು ಲಸಿಕೆಯಾಗಿ ಉಳಿಯುವುದಿಲ್ಲ, ನಂಜಿನ ಸೀಸೆಯಾಗುತ್ತದೆ. ಅಂಥ ಒಂದು ಲೋಪ ಮೂರು ಜೀವ ತೆಗೆದುಕೊಂಡು ನಿಲ್ಲುವುದಿಲ್ಲ. ಸುತ್ತಲಿನ ಹಳ್ಳಿಗಳ ತಾಯಂದಿರು ಮುಂದಿನ ಗುರುವಾರದ ಲಸಿಕೆಗೆ ಕೂಸನ್ನು ಕರೆತರಲು ಹಿಂದೇಟು ಹಾಕಿದರೆ, ಅದರ ಬೆಲೆ ಎರಡು ವರ್ಷ ಬಿಟ್ಟು ದಡಾರದ ರೂಪದಲ್ಲಿ ಬರುತ್ತದೆ.

ತನಿಖೆಯಿಂದ ಏನಾಗುತ್ತದೆ

ಒಂದು ಆಸ್ಪತ್ರೆಯ ಸಾವಿನ ಸಂಖ್ಯೆ ಸುದ್ದಿಯಾದಾಗ ಸಾಮಾನ್ಯವಾಗಿ ನಡೆಯುವುದು ಇದು: ಇಬ್ಬರಿಗೆ ನೋಟಿಸ್, ಒಬ್ಬರ ಅಮಾನತು. ಅದನ್ನು ನೋಡಿದ ತಾಲೂಕು ಆಸ್ಪತ್ರೆಯ ವೈದ್ಯರು ಮುಂದಿನ ಸಲ ಸ್ವಲ್ಪ ಅನುಮಾನ ಬಂದರೂ ಕೂಸನ್ನು ಮೇಲಕ್ಕೆ ಕಳಿಸುತ್ತಾರೆ. ತಮ್ಮ ಪುಸ್ತಕದಲ್ಲಿ ಸಾವು ಬೀಳದಿದ್ದರೆ ಸಾಕು. ಎರಡು ಕಿಲೋ ತೂಕದ, ಅಲ್ಲೇ ಇದ್ದರೆ ಚೇತರಿಸಿಕೊಳ್ಳುತ್ತಿದ್ದ ಕೂಸು ರಸ್ತೆಗೆ ಬೀಳುತ್ತದೆ. ಜಿಲ್ಲಾ ಘಟಕದಲ್ಲಿ ಇಕ್ಕಟ್ಟು ಹೆಚ್ಚುತ್ತದೆ, ನಂಜು ಹೆಚ್ಚುತ್ತದೆ, ಮುಂದಿನ ತ್ರೈಮಾಸಿಕದ ಅಂಕಿ ಇನ್ನೂ ಮೇಲೇರುತ್ತದೆ. ಶಿಕ್ಷೆಯೇ ಸಾವನ್ನು ಹೆಚ್ಚಿಸುವ ಚಕ್ರ ಇದು. ಅಧಿಕಾರಿಗಳ ಸ್ಪಷ್ಟನೆಯನ್ನು ಪ್ರಶ್ನೆಯಿಲ್ಲದೆ ಒಪ್ಪಿದರೆ ಉಲ್ಟಾ ಚಕ್ರ: ಘಟಕದೊಳಗಿನ ನರ್ಸ್ ಕೊರತೆ, ಕೂಸನ್ನು ಬೆಚ್ಚಗಿಡುವ ವಾರ್ಮರ್ ಯಂತ್ರ ಕೆಟ್ಟಿರುವುದು ಹಾಗೇ ಉಳಿಯುತ್ತವೆ.

ಈ ಎರಡರಿಂದಲೂ ಹೊರಬರಲು ಬೇಕಾದ ಸಾಧನ ಕಾಗದದ ಮೇಲೆ ಇದೆ. ಮಕ್ಕಳ ಮರಣ ಪರಿಶೀಲನೆಗೆ ಕೇಂದ್ರದ ಮಾರ್ಗಸೂಚಿ 2014ರಲ್ಲೇ ಬಂದಿದೆ. ಆಸ್ಪತ್ರೆಯ ಕಡತ ನೋಡುವುದಲ್ಲದೆ ಸತ್ತ ಕೂಸಿನ ಮನೆಗೂ ಹೋಗಿ, ಯಾವಾಗ ಲಕ್ಷಣ ಕಂಡಿತು, ಎಷ್ಟು ಹೊತ್ತಿಗೆ ಹೊರಟರು, ಎಷ್ಟು ಕಡೆ ಅಲೆದರು ಎಂದು ಕೇಳಬೇಕು ಎನ್ನುತ್ತದೆ ಅದು. ಮುಂದಿನ ಸಲ ಜಿಲ್ಲಾಸ್ಪತ್ರೆಯ ಅಂಕಿ ಹೊರಬಂದಾಗ ವರದಿಗಾರರು, ಜನಪ್ರತಿನಿಧಿಗಳು ಒಟ್ಟು ಸಂಖ್ಯೆಯ ಬದಲು ಈ ಪಟ್ಟಿ ಕೇಳಬಹುದು: ಇಲ್ಲೇ ಹುಟ್ಟಿದವೆಷ್ಟು, ಹೊರಗಿನಿಂದ ಬಂದವೆಷ್ಟು, ತೂಕವಾರು ಸಾವೆಷ್ಟು, ಬಂದು 24 ಗಂಟೆಯೊಳಗೆ ಸತ್ತವೆಷ್ಟು, ಮೂರು ದಿನದ ಮೇಲೆ ಸತ್ತವೆಷ್ಟು. ಮೊದಲ 24 ಗಂಟೆಯ ಸಾವು ಹೆಚ್ಚಿದ್ದರೆ ದೋಷ ಹೆಚ್ಚಾಗಿ ದಾರಿಯಲ್ಲಿ, ತಾಲೂಕಿನಲ್ಲಿ. ಮೂರು ದಿನದ ಮೇಲಿನದು ಹೆಚ್ಚಿದ್ದರೆ ಘಟಕದೊಳಗೆ ಹುಡುಕಬೇಕು.

ಪಟ್ಟಿಯಲ್ಲಿ ಇಲ್ಲದ ತಾಯಂದಿರು

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸಿನ ತೂಕ, ಮೈ ಬಿಸಿ, ಹಾಲು ಕುಡಿಯುವ ರೀತಿ ನೋಡಬೇಕು. ಸಾವು ಗುಂಪುಗೂಡುವ ದಿನಗಳ ಮೇಲೇ ಇಟ್ಟ ಒಳ್ಳೆಯ ವ್ಯವಸ್ಥೆ. ಆದರೆ ನಮ್ಮ ಭಾಗದಲ್ಲಿ ಕುಬಸ (ಸೀಮಂತ) ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುತ್ತಾರೆ. ತಾಯಿ ಕಾರ್ಡ್ ಆಗಿರುವುದು ಗಂಡನ ಊರಿನ ಆರೋಗ್ಯ ಕೇಂದ್ರದಲ್ಲಿ, ಹೆರಿಗೆ ತವರಿನ ತಾಲೂಕಿನಲ್ಲಿ. ಗಂಡನ ಊರಿನ ಆಶಾಗೆ ತಾಯಿ ಸಿಗುವುದಿಲ್ಲ, ತವರಿನ ಆಶಾಳ ಪಟ್ಟಿಯಲ್ಲಿ ಹೆಸರಿಲ್ಲ. ಚೊಚ್ಚಲ ಕೂಸು, ಎಳೆ ವಯಸ್ಸಿನ ತಾಯಿ, ನಿಗಾ ಇಲ್ಲದ ಮೊದಲ ವಾರ: ಮೂರು ಅಪಾಯ ಒಂದೇ ಕಡೆ ಕೂಡುತ್ತವೆ.

ಕಬ್ಬಿನ ಹಂಗಾಮಿನಲ್ಲಿ ಇದು ಇನ್ನೂ ತೀವ್ರ. ಅಕ್ಟೋಬರ್-ನವೆಂಬರಿನಲ್ಲಿ ಕಾರ್ಖಾನೆಗಳು ಶುರುವಾದಾಗ ವಿಜಯಪುರದ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಟಾವಿನ ಗ್ಯಾಂಗುಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬಿನ ಸೀಮೆಗೆ ಇಳಿಯುತ್ತವೆ. ಗಂಡ ಕಡಿದರೆ ಹೆಂಡತಿ ಸಿವುಡು ಕಟ್ಟಿ ಹೊರುತ್ತಾಳೆ. ಮುಂಗಡ ಇಬ್ಬರ ಲೆಕ್ಕದಲ್ಲಿ ಪಡೆದಿರುವುದರಿಂದ ಬಸುರಿ ಎಂದು ಕೂರಲು ಆಗುವುದಿಲ್ಲ. ಹೊಲದಂಚಿನ ಗುಡಿಸಲಿನಲ್ಲಿ ಐದಾರು ತಿಂಗಳು. ಮಾರ್ಚ್ ಹೊತ್ತಿಗೆ ಗುಡಿಸಲು ಕಿತ್ತು ಹೊರಡುತ್ತಾರೆ. ಅಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡ ಕೂಸು ಯಾವ ಜಿಲ್ಲೆಯ ಯಾವ ಪುಸ್ತಕಕ್ಕೆ ಸೇರಬೇಕು ಎಂಬುದಕ್ಕೇ ಗೊಂದಲ.

ಹಾಗಂತ ಇವರು ಯಾರ ಕಣ್ಣಿಗೂ ಬೀಳದವರಲ್ಲ. ಮುಂಗಡ ಕೊಟ್ಟು ಗ್ಯಾಂಗು ಕರೆತರುವ ಮುಕಾದಮನ ಬಳಿ ಪ್ರತಿ ಗ್ಯಾಂಗಿನ ಹೆಸರು, ಊರು, ಯಾವ ಹೊಲದಲ್ಲಿ ಬಿಡಾರ ಎಂಬ ಲೆಕ್ಕ ಇರುತ್ತದೆ. ಯಾರ ಹೊಲ ಯಾವ ದಿನ ಕಡಿಯಬೇಕು ಎಂಬುದು ಕಾರ್ಖಾನೆಯ ಕಬ್ಬು ವಿಭಾಗಕ್ಕೂ ಗೊತ್ತು. ಹಂಗಾಮು ಶುರುವಾದ ಮೊದಲ ವಾರ ಆ ಪಟ್ಟಿಯ ಒಂದು ಪ್ರತಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ, ಯಾವ ಬಿಡಾರದಲ್ಲಿ ಬಸುರಿ ಇದ್ದಾಳೆ, ಎಲ್ಲಿ ಹಸುಗೂಸು ಇದೆ ಎಂದು ಎಎನ್‌ಎಂ ಹುಡುಕಿಕೊಂಡು ಅಲೆಯಬೇಕಿಲ್ಲ. ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ಸಕ್ಕರೆ ಕಾರ್ಖಾನೆಗಳ ಜೊತೆ ಜಿಲ್ಲಾಧಿಕಾರಿ ಹಂಗಾಮಿನ ಮುಂಚೆ ನಡೆಸುವ ಸಭೆಯಲ್ಲಿ ಕಬ್ಬಿನ ದರ, ಬಾಕಿ ಬಿಲ್ಲಿನ ಜೊತೆಗೆ ಈ ಒಂದು ವಿಷಯವನ್ನೂ ಸೇರಿಸಿದರೆ ಆಗುವ ಕೆಲಸ.